ಅಲುಗಬೇಕು, ಸೋರಬಾರದು

ಉಪ್ಪಳದ ಗುಜರಿಯಿಂದ ಲಾರಿಯಲ್ಲಿ ಬಂದಿಳಿಯಿತು
ದೋಣಿಯೂ ಅಲ್ಲದ, ಜೀಪೂ ಅಲ್ಲದ ಒಂದು ತೊಟ್ಟಿ.
ಆರು ಚಕ್ರ, ಕುಂಬಳಕಾಯಿಯ ಹಾಗೆ ಉಬ್ಬಿದವು.
ಯಾವುದೋ ರೆಸಾರ್ಟು ಮುಳುಗಿದಾಗ ಇದೊಂದು ತೇಲಿತಂತೆ.
ಹಸೈನಾರ್ ಹೇಳಿದ, ತಾನೇ ನಕ್ಕ.

ಅಡಿಯಲ್ಲಿ ಮಲಗಿ ನೋಡಿದೆ.
ಸ್ಪ್ರಿಂಗಿಲ್ಲ, ಪಟ್ಟಿಯಿಲ್ಲ, ಎಂತದ್ದೂ ಇಲ್ಲ.
ಆಕ್ಸಲ್ಲು ತೊಟ್ಟಿಯ ಗೋಡೆ ತೂರಿ ನೇರ ಚಕ್ರಕ್ಕೆ.
ಟಯರಿನೊಳಗಿನ ಗಾಳಿ, ಅಷ್ಟೇ ಇದರ ದಯೆ.
ಮಾಡಿದವರಿಗೆ ಕೆಸರು ಗೊತ್ತಿತ್ತು;
ಶಿರಿಯ ಹೊಳೆ ಇಳಿದಾಗ ಬಾಯಿ ತೆರೆಯುವ
ಮುರಕಲ್ಲಿನ ಹಲ್ಲು ಗೊತ್ತಿರಲಿಲ್ಲ.

ಕುದ್ರಿನಲ್ಲಿ ಹನ್ನೊಂದು ಮನೆ,
ನಾಲ್ಕರಲ್ಲಿ ಎದ್ದು ಕೂರಲಾರದವರು.
ಉಬ್ಬರಕ್ಕೆ ದೋಣಿ ಹೋಗುತ್ತದೆ, ಇಳಿತಕ್ಕೆ ಹೂತು ಕೂರುತ್ತದೆ.
ಪಾಲಿಯೇಟಿವ್ ನರ್ಸು ಸುಹರಾ ಮೊದಲ ದಿನ
ಸ್ಟ್ರೆಚರಿನ ಜಾಗದಲ್ಲಿ ತಾನೇ ಮಲಗಿ ಹೋಗಿ ಬಂದಳು,
ಎದೆಯ ಮೇಲೆ ರಟ್ಟು, ರಟ್ಟಿನ ಮೇಲೆ ಕಾಗದ,
ಕಾಗದಕ್ಕೆ ಪೆನ್ನು ತಾಗಿಸಿಟ್ಟು, ಸುಮ್ಮನೆ.
ಗೆರೆ ಹಾರಿ ಹಾರಿ ಮೂರು ಕಡೆ ಹರಿದಿತ್ತು.
"ಬೊನಿಫಾಸಣ್ಣ, ಇದು ನನ್ನ ಬೆನ್ನು.
ಕೊರಗಪ್ಪಣ್ಣನ ಬೆನ್ನಿಗೆ ಇದು ಆಗ್ಲಿಕ್ಕಿಲ್ಲ."

ಸಸ್ಪೆನ್ಶನ್ ಕಷ್ಟವಲ್ಲ.
ಕುಂಬಳೆಯಲ್ಲಿ ಮೂವತ್ತೊಂದು ವರ್ಷ ಲಾರಿಯಡಿಯಲ್ಲಿ ಮಲಗಿದವ ನಾನು,
ಪಟ್ಟಿ ಮುರಿದ ಸದ್ದಿಗೇ ಎಷ್ಟನೆಯ ಎಲೆಯೆಂದು ಹೇಳುವವ.
ಕಷ್ಟ ತೂತಿನದು.
ಚಕ್ರ ಮೇಲೆ ಕೆಳಗೆ ಆಡಬೇಕಾದರೆ
ಆಕ್ಸಲ್ಲಿನ ತೂತು ಉದ್ದವಾಗಬೇಕು,
ತೂತು ಉದ್ದವಾದರೆ ಹೊಳೆಯೇ ಒಳಗೆ.
ಅಲುಗಬೇಕು, ಸೋರಬಾರದು.
ದೇವರು ನಮ್ಮ ಭುಜದ ಸಂದಿನಲ್ಲಿ ಮಾಡಿದ್ದಾನೆ ಅದನ್ನು,
ನಕ್ಷೆ ಕೊಟ್ಟಿಲ್ಲ.

ಹನ್ನೆರಡು ದಿನ ಬೀಡಿ.
ಹದಿಮೂರನೆಯ ದಿನ ಎದುರು ಮನೆಯ ಹುಡುಗಿ
ಗೇಟು ಹಿಡಿದು ಜೋಲಾಡುತ್ತಿದ್ದಳು,
ಗೇಟೆಲ್ಲ ಬೀಸುತ್ತಿತ್ತು, ತಿರುಗಣೆ ನಿಂತಲ್ಲೇ ತಿರುಗುತ್ತಿತ್ತು.
ಓಹೋ.
ಆಕ್ಸಲ್ಲು ಅಲ್ಲೇ ಇರಲಿ.
ಅದರ ಸುತ್ತ ಒಂದು ಕೈ ತಿರುಗಲಿ,
ಕೈಯೊಳಗೆ ಚೈನು, ಚೈನು ಮುಳುಗುವಷ್ಟು ಎಣ್ಣೆ,
ಕೈಯ ತುದಿಗೆ ಚಕ್ರ.
ತೂತು ದುಂಡಗೇ ಉಳಿಯುತ್ತದೆ,
ದುಂಡಗಿನ ತೂತಿಗೆ ಸೀಲು ಸಿಗುತ್ತದೆ.

ಮೂರು ಸತ್ತ ರಿಕ್ಷಾಗಳ ಆರು ಹಿಂಗೈ.
ಒಂದರ ಮೇಲೆ ಇನ್ನೂ ಹಳದಿ ಬಣ್ಣ,
ಬದಿಯಡ್ಕದ ದಾರಿಯ ಧೂಳು ಕೂಡ ಇದ್ದಿರಬೇಕು.
ಕೊಯ್ದು, ಬೆಸೆದು, ಪೆಟ್ಟಿಗೆ ಮಾಡಿ,
ಸೀಮೆಎಣ್ಣೆ ತುಂಬಿಸಿ ರಾತ್ರಿಯಿಡೀ ತೂಗುಹಾಕಿದೆ,
ಬೆಳಿಗ್ಗೆ ನೆಲದಲ್ಲಿ ಕಲೆಯಿದೆಯೇ ಎಂದು ಬಗ್ಗಿ ಬಗ್ಗಿ.

ಸ್ಪ್ರಿಂಗು ಮಾತ್ರ ಮಾತು ಕೇಳಲಿಲ್ಲ.
ನನ್ನ ಕೈಗೆ ಹದಿನಾರು ಟನ್ನಿನ ಅಭ್ಯಾಸ;
ಕೊರಗಪ್ಪಣ್ಣ ಈಗ ಮೂವತ್ತೆಂಟು ಕೆಜಿ.
ಇದೇ ಹೊಳೆಯಲ್ಲಿ ಮುಳುಗಿ ಹೊಯಿಗೆ ತೆಗೆದವ,
ಬುಟ್ಟಿಯೇ ಅದಕ್ಕಿಂತ ಭಾರವಿತ್ತು.
ಗಟ್ಟಿಯಾದರೆ ಅವನನ್ನು ಲೆಕ್ಕಕ್ಕೇ ತೆಗೆದುಕೊಳ್ಳದು,
ಮೆತ್ತಗಾದರೆ ತೊಟ್ಟಿ ಮಲಗಿದ ಎಮ್ಮೆ.
ಸುರುಳಿ ಕತ್ತರಿಸಿದೆ, ಮತ್ತೆ ಕತ್ತರಿಸಿದೆ,
ಹತ್ತು ಹೋಯಿತು, ಹನ್ನೊಂದನೆಯದು ತಲೆದೂಗಿತು.

ನಿನ್ನೆ ಇಳಿತದಲ್ಲಿ ಹೊರಟೆವು.
ಸುಹರಾ ಮಲಗಿದಳು, ಎದೆಯ ಮೇಲೆ ರಟ್ಟು.
ಮುರಕಲ್ಲಿನ ಮೇಲೆ ಆರೂ ಕೈ
ಒಂದೊಂದು ಒಂದೊಂದು ಹೊತ್ತಿಗೆ ಏರಿ ಇಳಿದವು,
ಏಡಿ ನಡೆದ ಹಾಗೆ.
ಆಮೇಲೆ ನೆಲ ಮುಗಿಯಿತು,
ಚಕ್ರಗಳು ತಳ ಬಿಟ್ಟವು,
ಸ್ಪ್ರಿಂಗುಗಳಿಗೆ ಕೆಲಸ ಇಲ್ಲದಾಯಿತು.

ದಡದಲ್ಲಿ ಕಾಗದ ನೋಡಿದೆವು.
ಕಲ್ಲಿನಲ್ಲಿ ಗೆರೆ ಸಣ್ಣ ಸಣ್ಣ ದಿಬ್ಬ, ಎಲ್ಲೂ ಹರಿದಿಲ್ಲ.
ನೀರಿನಲ್ಲಿ ಸ್ಕೇಲಿಟ್ಟು ಎಳೆದ ಹಾಗೆ.
ಅಷ್ಟು ನೇರ ನನ್ನ ಕೈಯದಲ್ಲ,
ಸುಹರಾ ಏನೂ ಹೇಳಲಿಲ್ಲ, ಮಡಚಿ ಜೇಬಿಗಿಟ್ಟಳು.

ತೊಟ್ಟಿಯಲ್ಲಿ ಟಾರ್ಚು ಹಾಕಿ ಕೈಯಾಡಿಸಿದೆ.
ನಾಲ್ಕನೆಯ ಕೈಯ ಬುಡದಲ್ಲಿ
ಒಂದು ಚಮಚ ನೀರು.
ಬೆವರಿರಬಹುದು, ತಬ್ಬಿಬ್ಬಾಗಿ ಅಂದುಕೊಂಡೆ.
ನಾಲಗೆಗಿಟ್ಟೆ.
ಉಪ್ಪು. ಆದರೆ ಬೆವರೂ ಉಪ್ಪೇ.

ನಾಳೆ ಬಿಚ್ಚಬೇಕು.