ಸೊನ್ನೆಯ ಖಾನೆ

ತಿಯೋಫಿಲ್ ಮಾಸ್ತರರ ಪುಸ್ತಕ ಜೋಡಿಸಿದವನು ನಾನೇ,
ಮಂಗಳೂರು ಬಂದರಿನಲ್ಲಿ,
ಒಣಮೀನಿನ ಮಂಡಿಯ ಮೇಲಿದ್ದ ಅಚ್ಚುಕೂಟದಲ್ಲಿ.
ಎಡಗೈಯಲ್ಲಿ ಸ್ಟಿಕ್ಕು, ಬಲಗೈಯಲ್ಲಿ ಮೊಳೆ.
ಇನ್ನೂರು ವರ್ಷ ಹಳೆಯ ಮುತ್ತಿಗೆಯೊಂದನ್ನು
ತಲೆಕೆಳಗಾಗಿ ಓದಿ ಕಲಿತೆ.

ಅವರು ಸೈನ್ಯದಲ್ಲಿ ಇದ್ದವರಲ್ಲ.
ಚಪ್ಪಟೆ ಪಾದ, ದಪ್ಪ ಕನ್ನಡಕ;
ಭರ್ತಿ ಆಫೀಸಿಗೆ ಹೋಗಿ ಅರ್ಧ ಗಂಟೆಯಲ್ಲಿ ವಾಪಸು.
ಆಮೇಲೆ ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ.
ಶನಿವಾರ ಬೆಲ್ ಹೊಡೆದದ್ದೇ ಕೊಡೆ ಹಿಡಿದು ಹೊರಟರೆ
ಕೊಡೆಯೇ ಅಳತೆಗೋಲು.
ಸುಲ್ತಾನ್ ಬತ್ತೇರಿಯ ತೂತುಗಳಿಗೆ ಅದನ್ನು ತೂರಿಸಿ
ಹೊಳೆಯ ಕಡೆ ಒಂದು ಕಣ್ಣು ಮುಚ್ಚಿ ನೋಡುವರು.
ದೋಣಿಯವರಿಗೆ ನಗು: "ಮಾಸ್ಟ್ರೆ, ಗುರಿ ಯಾರಿಗೆ?"
"ಯಾರಿಗೂ ಅಲ್ಲ. ಇಲ್ಲಿ ನಿಂತವನಿಗೆ
ಎಷ್ಟು ಕಾಣ್ತಿತ್ತು ಅಂತ."

ಕೋಟೆ ಇದ್ದಲ್ಲಿ ಈಗ ಗುಜರಿ ಅಂಗಡಿ, ಮರದ ಡಿಪೋ.
ಬುರುಜು ಇಲ್ಲಿ ಇದ್ದಿರಬಹುದು ಎಂದು
ಗೋದಾಮಿನ ಗೋಡೆಗೆ ಸೀಮೆಸುಣ್ಣದ ಗೀಟು ಎಳೆದು
ಇದ್ದಿನಬ್ಬ ಸಾಹುಕಾರರಿಂದ ಬೈಸಿಕೊಂಡರು.
'ಇದ್ದಿರಬಹುದು'—
ಪುಟಪುಟದಲ್ಲೂ ಬರುತ್ತಿದ್ದ ಆ ಶಬ್ದವನ್ನು
ನಾನು ಬಿಚ್ಚದೆ, ದಾರ ಸುತ್ತಿ, ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದೆ.

ಯುದ್ಧದ ಪುಸ್ತಕವೆಂದು ಆಸೆಪಟ್ಟವನಿಗೆ
ಸಿಕ್ಕಿದ್ದು ಅಕ್ಕಿ.
ಎಷ್ಟು ಮುಡಿ ಒಳಗಿತ್ತು, ಎಷ್ಟಕ್ಕೆ ಹುಳ ಬಿತ್ತು,
ಆಟಿಯ ಮಳೆಗೆ ಮದ್ದು ಹೇಗೆ ಹಿಟ್ಟಿನಂತೆ ಕಲಸಿತು,
ಉಪ್ಪಿಗೆ ಏನು ಕ್ರಯ, ಒಸಡು ಬಾತದ್ದು ಯಾವ ತಿಂಗಳು.
ಕತ್ತಿ ಬರುವುದು ಒಂದೇ ಕಡೆ,
ಅದೂ ಹಲಸಿನಕಾಯಿಗೆ.

ಆರನೇ ಅಧ್ಯಾಯ, ಸತ್ತವರ ಲೆಕ್ಕ.
ಒಬ್ಬ ಐದು ಸಾವಿರ ಎನ್ನುತ್ತಾನೆ, ಇನ್ನೊಬ್ಬ ಹತ್ತು,
ನೋಡದೆ ಬರೆದವನು ಇಪ್ಪತ್ತು.
ಹತ್ತನೇ ಸಾಲಿಗೆ ನನ್ನ ಕೇಸಿನಲ್ಲಿ ಸೊನ್ನೆಯೇ ಮುಗಿಯಿತು.
ಹೇಳಿಕಳಿಸಿದೆ. ಬಂದರು,
ಖಾಲಿ ಖಾನೆಗೆ ಬೆರಳು ಹಾಕಿ ತಡಕಿದರು.
"ಒಳ್ಳೆದಾಯ್ತು ಮಾರಾಯ. ಪಟ್ಟಿ ಬರೆದವರ ಹತ್ರ ಮಾತ್ರ
ಇದು ಯಾವತ್ತೂ ಮುಗಿಯೂದಿಲ್ಲ."
ನಿಂತಲ್ಲೇ ಕೆಂಪು ಪೆನ್ಸಿಲು ತೆಗೆದು ಹೊಡೆಯುತ್ತಾ ಹೋದರು.
ಉಳಿದದ್ದು ನಲವತ್ತಮೂರು,
ಎಲ್ಲೋ ಒಂದು ಕಡೆ ಹೆಸರು ಸಿಕ್ಕಿದವರು:
ಒಬ್ಬ ಕಹಳೆಯವ, ಇಬ್ಬರು ನೀರು ಹೊರುವವರು,
ಒಬ್ಬ ಅಡುಗೆಯವನ ಮಗ.
"ಮಿಕ್ಕವರು?"
"ಇದ್ದಿರಬಹುದು."

ಕೊನೆಗೆ ಅನುಕ್ರಮಣಿಕೆ. 'ಕ' ಅಕ್ಷರದಲ್ಲಿ
ಕಬ್ಬಿಣದ ಗುಂಡು, ೮೮.
ಕರಿಮೆಣಸು, ೨೧, ೧೪೦.
ಕರ್ಕಡ, ಸೈಲಸ್—
ಮುಂದೆ ಏನೂ ಇಲ್ಲ.
ಆ ಹೆಸರನ್ನು ನಾನು ಎಲ್ಲೂ ಜೋಡಿಸಿರಲಿಲ್ಲ.
"ಪುಟ?" ಎಂದೆ.
ಅವರು ಕಿಟಕಿಯಾಚೆ ಮಂಜಿಗಳಿಗೆ ಮೂಟೆ ಏರುವುದನ್ನು ನೋಡಿದರು.
"ತಮ್ಮ. ಅರವತ್ತೆರಡು. ಮೇಲೆ, ಹಿಮದಲ್ಲಿ.
ಪತ್ತೆಯಿಲ್ಲ ಅಂತ ತಂತಿ ಬಂತು.
ಅವನ ಪಾದ ಸರಿ ಇತ್ತು."

ಖಾಲಿ ಜಾಗಕ್ಕೂ ಮೊಳೆ ಬೇಕು. ಅದೂ ಸೀಸವೇ;
ಅಕ್ಷರಕ್ಕಿಂತ ಕುಳ್ಳು ಅಷ್ಟೆ, ಮಸಿ ತಾಗುವುದಿಲ್ಲ.
ಮೂರು ಅಂಕಿಯಷ್ಟು ಹಾಕಿ ಬಿಗಿದೆ.
ಪ್ರೂಫು ನೋಡಿದ ಮಾಲಿಕರು ತಪ್ಪೆಂದು ಸುತ್ತು ಹಾಕಿದರು.
ಮಾಸ್ತರರು ಅಂಚಿನಲ್ಲಿ ಬರೆದರು: ಇರಲಿ.

ಹಾಕಿದ್ದು ಮುನ್ನೂರು ಪ್ರತಿ. ಎಪ್ಪತ್ತು ಹೋಯಿತು.
ಉಳಿದವಕ್ಕೆ, ಬಿಡಿಸಿ ನೋಡಿ,
ಇವತ್ತಿಗೂ ಬಂಗುಡೆಯ ವಾಸನೆ.