ಸ್ಲೇನಿ ಮಲಗುವವರೆಗೆ

ಶಾನನ್ನಿನ ರನ್‌ವೇ ಮೇಲೆ ಮಂಜು.
ಎಂಟು ಕುದುರೆ, ನಾವಿಬ್ಬರು,
ಕಿಟಕಿಯಿಲ್ಲದ ಸರಕು ವಿಮಾನ.
ಬಾಗಿಲು ಮುಚ್ಚುವ ಮೊದಲೇ ಫಿಂಟನ್
ಕೈಗಡಿಯಾರದ ಕಿವಿ ಹಿಂಡಿ
ಮೆಲ್ಬರ್ನಿನ ಹೊತ್ತಿಗೆ ತಿರುಗಿಸಿದ.
"ಓರ್ಲಾ, ಇನ್ನು ಮೇಲೆ
ಮನೆಯಲ್ಲೀಗ ಎಷ್ಟು ಗಂಟೆ ಎಂದು ಕೇಳಬೇಡ.
ಕೇಳಿದವರ ಮೈ ಒಂದು ಕಡೆ, ನಿದ್ದೆ ಒಂದು ಕಡೆ."

ಅವನದು ಇಪ್ಪತ್ತಾರು ವರ್ಷದ ವಿದ್ಯೆ:
ಕಾಫಿ ಶಾರ್ಜಾದವರೆಗೆ ಮಾತ್ರ.
ಆಮೇಲೆ ನೀರು, ಬಾಯಾರದಿದ್ದರೂ ನೀರು.
ಸಾಕ್ಸು ಮೊಣಕಾಲಿನ ತನಕ, ಬಿಗಿಯಾಗಿ.
ಗಂಟೆಗೊಮ್ಮೆ ಕುದುರೆಗಳ ನಡುವಿನ ಓಣಿಯಲ್ಲಿ
ಹೋಗಿ ಬಾ, ಹೋಗಿ ಬಾ.
ವಿಸ್ಕಿಯ ಬಗ್ಗೆ ಏನೂ ಹೇಳಲಿಲ್ಲ;
ಬಾಟಲಿ ಬಿಟ್ಟು ಒಂಬತ್ತು ವರ್ಷವಾದವನ ಮೌನ ಅದು.

ಸ್ಲೇನಿ ನೀರು ಮುಟ್ಟಲಿಲ್ಲ.
ಪರಊರ ನೀರು, ಪರಊರ ವಾಸನೆ.
ಬಕೆಟ್ಟಿಗೆ ಒಂದು ಲೋಟ ಸೇಬಿನ ರಸ ಬೆರೆಸಿದೆ.
ವಾರದ ಹಿಂದಿನಿಂದಲೇ ಹಾಗೆ ಕುಡಿಸಿ ರೂಢಿ ಮಾಡಿದ್ದು,
ಯಾವ ಮೂಲೆಯ ನೀರೂ ಮನೆಯದೇ ಅನ್ನಿಸಲೆಂದು.
ಹೊಳ್ಳೆ ಅರಳಿತು. ಒಂದು ಗುಟುಕು.
ತಡೆದು, ಇನ್ನೊಂದು.
ನನಗೂ ಯಾರಾದರೂ ಹೀಗೆ ಮೋಸ ಮಾಡಬಾರದೆ!

ಕಿಟಕಿಯಿಲ್ಲದ ಕಡೆ
ರಾತ್ರಿಯೆಂದರೆ ಫಿಂಟನ್ ದೀಪ ಆರಿಸಿದಾಗ,
ಬೆಳಗೆಂದರೆ ಹಚ್ಚಿದಾಗ.
ಹೊರಗೆ ಸೂರ್ಯ ಎರಡು ಸಲ ಹುಟ್ಟಿರಬಹುದು,
ನಮ್ಮನ್ನು ಕೇಳಿ ಹುಟ್ಟಲಿಲ್ಲ.
ಮರಳಿನ ಮೇಲೋ, ಸಮುದ್ರದ ಮೇಲೋ,
ಹೊತ್ತೂ ಗೊತ್ತೂ ಎರಡೂ ಇಲ್ಲದ ಕಡೆ,
ಬೆನ್ನ ಮೇಲೆ ಜೀನಿಲ್ಲದೆ, ಸವಾರನಿಲ್ಲದೆ
ಎಂಟೂ ನಿಂತಿದ್ದವು
ಹಿಂದೆ ಬಿಟ್ಟ ಊರಿನ ಹೊತ್ತನ್ನು ಹೊತ್ತು.

"ಹಗ್ಗ ಸಡಿಲಿಸು, ತಲೆ ತಗ್ಗಿಸಲಿ.
ಎತ್ತಿಯೇ ಇದ್ದರೆ ಧೂಳು ಎದೆಗಿಳಿಯುತ್ತದೆ."
ಕುದುರೆಗಾಗಿ ಹೇಳಿದ್ದು.
ನಾನೂ ಕತ್ತು ಇಳಿಸಿ ಹುಲ್ಲಿನ ಪಿಂಡಿಗೆ ಒರಗಿದೆ.

ಕುದುರೆ ನಿಂತೇ ತೂಕಡಿಸುತ್ತದೆ, ಎಲ್ಲರೂ ಬಲ್ಲರು.
ಲಾಯದವರು ಮಾತ್ರ ಬಲ್ಲದ್ದು:
ಗಾಢ ನಿದ್ದೆ ಬರಬೇಕಾದರೆ ಅದು ಮಲಗಲೇಬೇಕು,
ಮಲಗಬೇಕಾದರೆ
ನೆಲವನ್ನು ನಂಬಲೇಬೇಕು.
ವಿಮಾನದ ಪೆಟ್ಟಿಗೆಯಲ್ಲಿ ಮಲಗಲು ಜಾಗವೂ ಇಲ್ಲ,
ನಂಬಲು ನೆಲವೂ ಇಲ್ಲ.

ಮೆಲ್ಬರ್ನಿನಲ್ಲಿ ವಸಂತದ ಬಿಸಿಲು.
"ಅದರಲ್ಲಿ ನಿಲ್ಲು. ಹಾಸಿಗೆಯ ಕಡೆ ನೋಡಬೇಡ."
ನಿಂತೆ. ಎಂಟಕ್ಕೆ ಉಂಡೆ. ಹತ್ತಕ್ಕೆ ಮಲಗಿದೆ.
ಎಲ್ಲ ಅವನು ಹೇಳಿದ ಹಾಗೆಯೇ.
ಆದರೂ ಮೂರನೆಯ ರಾತ್ರಿ ಎರಡೂ ನಲವತ್ತಕ್ಕೆ
ಕಣ್ಣು ನಡುಮಧ್ಯಾಹ್ನದಂತೆ ತೆರೆದುಕೊಂಡಿತು.

ಲಾಯಕ್ಕೆ ಹೋದರೆ, ಬೋರಲು ಹಾಕಿದ ಬಕೆಟ್ಟಿನ ಮೇಲೆ
ಫಿಂಟನ್, ಕೋಟಿನ ಕೆಳಗೆ ಪೈಜಾಮ.
ಅಂಗೈಯಲ್ಲಿ ಇನ್ನೊಂದು ಗಡಿಯಾರ,
ಪಟ್ಟಿಯಿಲ್ಲದ್ದು. ನಾನು ಯಾವತ್ತೂ ಕಂಡಿರದ್ದು.
ಸಿಕ್ಕಿಬಿದ್ದ ಹುಡುಗನಂತೆ ನಕ್ಕ.
"ಐದೂ ನಲವತ್ತು. ನೋರೀನ್ ನಾಯಿಗೆ ಅನ್ನ ಹಾಕುವ ಹೊತ್ತು.
ಅವಳು ಮರೆಯುತ್ತಾಳೆ ಈಚೆಗೆ.
ನಾಯಿ ಮರೆಯುವುದಿಲ್ಲ, ಪುಣ್ಯ."

ಆಗ ಒಳಗೆ ಸದ್ದಾಯಿತು.
ಸ್ಲೇನಿ ಒಂದು ಸುತ್ತು ಸುತ್ತಿ,
ಹುಲ್ಲು ಮೂಸಿ, ಮತ್ತೊಂದು ಸುತ್ತಿ,
ಮುಂಗಾಲು ಮಡಿಸಿ, ನಿಟ್ಟುಸಿರಿನೊಂದಿಗೆ
ತನ್ನ ಅಷ್ಟೂ ತೂಕವನ್ನು ಇಲ್ಲಿಯ ನೆಲಕ್ಕೆ ಕೊಟ್ಟಳು.
ಸ್ವಲ್ಪ ಹೊತ್ತಿಗೆ ಗೊರಸು ಅದುರಿದವು,
ಎಲ್ಲಿಯ ಹುಲ್ಲಿನ ಮೇಲೆ ಓಡುತ್ತಿದ್ದಳೋ.

ಫಿಂಟನ್ ತುಟಿಯ ಮೇಲೆ ಬೆರಳಿಟ್ಟ.
ಹೊರಗೆ, ಗವ್ವೆನ್ನುವ ಕತ್ತಲಲ್ಲೇ,
ನನಗೆ ಹೆಸರು ಗೊತ್ತಿಲ್ಲದ ಹಕ್ಕಿಯೊಂದು
ಬೆಳಗಾಯಿತೆಂದು ಕೂಗುತ್ತಿತ್ತು.
ಅದರ ಗಡಿಯಾರದ ಕಿವಿ
ಯಾರು ಹಿಂಡಿದ್ದರೋ.