ಬೋರ್ಡಿನ ಅಳತೆ

ರಾಸ್ ಅಲ್ ಖೈಮಾದ ಹಳೇ ಮೀನುಪೇಟೆ ಹಿಂದೆ
ನನ್ನ ಬೋರ್ಡಿನಂಗಡಿ. ನಗರಸಭೆಯ ಕಾಗದ ಬಂದಿದೆ:
ಅರಬ್ಬಿ ಮೇಲಿರಬೇಕು, ಬಲದಿಂದ ಶುರು,
ಮಿಕ್ಕ ಭಾಷೆಗಳಿಗಿಂತ ಒಂದೂವರೆ ಪಟ್ಟು ದಪ್ಪ.
ತಪ್ಪಿದರೆ ದಂಡ.

ತಿಂಗಳಿಡೀ ಕೈತುಂಬ ಕೆಲಸ,
ಓದಲು ಬಾರದ ಅಕ್ಷರಗಳನ್ನು
ಟೇಪು ಹಿಡಿದು ಕಾಯುವ ಕೆಲಸ.

ಸಂಜೆ ಖಲ್ಫಾನಜ್ಜ ಬರುತ್ತಾನೆ.
ನನ್ನ ಜೊತೆ ಹಿಂದಿ, ಚಹಾದವನ ಜೊತೆ ಮಲಯಾಳಂ.
ಮೊಮ್ಮಗಳು ಫೋನಿನಲ್ಲಿ ಮುನಿಸಿಕೊಳ್ಳುವುದೂ ಇಂಗ್ಲಿಷಿನಲ್ಲೇ.
"ಕಾಯಿದೆ ಬಂದದ್ದು ಒಳ್ಳೇದಾಯ್ತು" ಅನ್ನುತ್ತಾನೆ,
"ಗೋಡೆಗಾದರೂ ನನ್ನ ಮಾತು ಬರಲಿ."

ಮೊನ್ನೆ ಮರಳೆದ್ದಿತು.
ಹಾರುವ ತಗಡನ್ನು ಒತ್ತಿ ಹಿಡಿದು ನಿಂತೆವು ಇಬ್ಬರೂ.
"ಶಮಾಲ್" ಅಂದ.
"ಬಡಗಾಳಿ" ಅಂದೆ ನಾನು, ಕೋಡಿಯ ಕಡಲಿನವ,
ಹದಿನೇಳು ವರ್ಷದಲ್ಲಿ ಮೊದಲ ಸಲ, ಗಟ್ಟಿಯಾಗಿ.
ಮುದುಕ ನಾಲಿಗೆ ಹೊರಳಿಸಿ ನೋಡಿದ: ಬದಗಾಲಿ.
ನನ್ನ ಶಮಾಲೂ ನೆಟ್ಟಗೆ ಬಂದಿರಲಿಕ್ಕಿಲ್ಲ.

ಇವತ್ತು ಇನ್ಸ್‌ಪೆಕ್ಟರು ಬಂದಿದ್ದ, ಈಜಿಪ್ಟಿನವ.
ಅಳತೆ ಎಲ್ಲ ಸರಿ,
ಒಂದು ಅಕ್ಷರದ ತಲೆಗೆ ಚುಕ್ಕೆ ಬಿಟ್ಟುಹೋಗಿದೆಯಂತೆ.
ಅಜ್ಜ ನನ್ನ ಕುಂಚ ಕಸಿದುಕೊಂಡು
ಸ್ಟೂಲು ಹತ್ತಿ ತಾನೇ ಇಟ್ಟ.
ಕೈ ನಡುಗಿ ಚುಕ್ಕೆ ದೊಡ್ಡದಾಯಿತು, ಕೆಳಗೂ ಇಳಿಯಿತು ತುಸು.

ನಾನು ಒರೆಸಲಿಲ್ಲ.